ಕಾಫಿ ಜೀನ್ ಸಂಶೋಧಕರಿಗೆ ಸೈಟೇಶನ್ ಯಾಕೆ ಕಡಿಮೆ?

ಚಿಕ್ಕಮಗಳೂರಿನಲ್ಲಿ ಕಾಫಿಯ ಎಲೆ ತುಕ್ಕು ರೋಗ ತಡೆಯುವ ಜೀನ್ ಮೇಲೆ ಕೆಲಸ ಮಾಡುವವರ ಎಚ್-ಇಂಡೆಕ್ಸ್ (ಸೈಟೇಶನ್ ಲೆಕ್ಕ ಹಾಕಿ ಕೊಡುವ ಅಂಕ), ಕ್ಯಾನ್ಸರ್ ಸಂಶೋಧಕರಿಗಿಂತ ಯಾಕೆ ಕಡಿಮೆ ಅಂತ ಕೇಳಿದ್ದೀರಿ. ಕೆಲಸ ಕಳಪೆ ಅಂತಲ್ಲ, ಆ ವಿಷಯದಲ್ಲಿ ಬರೆಯುವವರೇ ಕಡಿಮೆ.

ಸೈಟೇಶನ್ ಅಂದರೆ ಬೇರೆಯವರು ತಮ್ಮ ಪ್ರಬಂಧದಲ್ಲಿ ನಿಮ್ಮ ಪ್ರಬಂಧವನ್ನು ಹೆಸರಿಸುವುದು. ಎಚ್-ಇಂಡೆಕ್ಸ್ 20 ಅಂದರೆ 20 ಪ್ರಬಂಧಗಳಿಗೆ ತಲಾ ಕನಿಷ್ಠ 20 ಸೈಟೇಶನ್ ಸಿಕ್ಕಿದೆ ಅಂತ. ಬರೆಯುವ ಕೈ ಜಾಸ್ತಿ ಇದ್ದಲ್ಲಿ ಈ ಸಂಖ್ಯೆ ಬೇಗ ಏರುತ್ತದೆ.

ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1940ರ ದಶಕದಲ್ಲಿ ಕೊಟ್ಟ ಎಸ್.795 ತಳಿಯನ್ನೇ ನೋಡಿ. ಅದರಲ್ಲಿ ತುಕ್ಕು ತಡೆಯುವ ಎಸ್‌ಎಚ್3 ಜೀನ್ ಇದೆ, ಲಿಬೆರಿಕಾ ಅನ್ನುವ ಬೇರೆ ಜಾತಿಯ ಕಾಫಿಯಿಂದ ಬಂದದ್ದು. ಮಲೆನಾಡಿನ ಎಷ್ಟೋ ತೋಟಗಳಲ್ಲಿ ಆ ಗಿಡ ಇವತ್ತಿಗೂ ಫಸಲು ಕೊಡುತ್ತಿದೆ. ಆದರೆ ಗಿಡ ನೆಟ್ಟ ಬೆಳೆಗಾರರು ಪ್ರಬಂಧ ಬರೆಯುವುದಿಲ್ಲ ಅಲ್ವಾ? ಹಾಗಾಗಿ ಅಷ್ಟು ದೊಡ್ಡ ಉಪಯೋಗ ಲೆಕ್ಕಕ್ಕೇ ಬರುವುದಿಲ್ಲ. ನನಗೆ ಬೇಸರ ತರುವ ಸಂಗತಿ ಇದು.

ಇನ್ನೊಂದು ಕಡೆ, ಪ್ರೋಟೀನ್ ಅಳೆಯುವ ವಿಧಾನ ಹೇಳಿದ ಜೀವರಸಾಯನ ವಿಜ್ಞಾನಿ ಲೌರಿ ಅವರ 1951ರ ಪ್ರಬಂಧಕ್ಕೆ 3 ಲಕ್ಷಕ್ಕೂ ಹೆಚ್ಚು ಸೈಟೇಶನ್ ಇದೆ. ಅದು ಎಷ್ಟೋ ಲ್ಯಾಬ್‌ಗಳಿಗೆ ದಿನನಿತ್ಯ ಬೇಕಾದ ವಿಧಾನ.

ಹೋಲಿಸಲೇಬೇಕಿದ್ದರೆ ಕಾಫಿಯವರನ್ನು ಕಾಫಿಯವರ ಜೊತೆಗೇ ಹೋಲಿಸಿ, ಅದೂ ಅಷ್ಟೇ ವರ್ಷ ಕೆಲಸ ಮಾಡಿದವರ ಜೊತೆ.