ತಂದೆ ಕೊಡುವ 6 ಲಕ್ಷ ರೂಪಾಯಿಗೆ ತೆರಿಗೆ ಬೀಳುತ್ತದೆಯೇ?

ಚನ್ನಗಿರಿಯಲ್ಲಿರುವ ತಮ್ಮ ತಂದೆಯವರು ಅಡಿಕೆ ಮಾರಿದ ಹಣದಲ್ಲಿ 6 ಲಕ್ಷ ರೂಪಾಯಿಯನ್ನು, ದಾವಣಗೆರೆಯಲ್ಲಿ ನಿವೇಶನ ಕೊಳ್ಳಲೆಂದು ತಮಗೆ ನಗದಾಗಿಯೇ ಕೊಡಲಿದ್ದಾರೆ, ಅದಕ್ಕೆ ತೆರಿಗೆ ಇದೆಯೇ ಎಂದು ತಾವು ಕೇಳಿದ್ದೀರಿ. ತೆರಿಗೆ ಇಲ್ಲ. ವರ್ಷಕ್ಕೆ 50,000 ರೂಪಾಯಿ ಎಂಬ ಮಿತಿ ಬಂಧುಗಳಲ್ಲದವರು ಕೊಡುವ ಉಡುಗೊರೆಗೆ ಮಾತ್ರ. ತಂದೆ ತಾಯಿಯಿಂದ ಬಂದದ್ದು ಎಷ್ಟೇ ಇದ್ದರೂ ಮಗನ ಆದಾಯವೆನಿಸುವುದಿಲ್ಲ.

ತೊಡಕಿರುವುದು ‘ನಗದು’ ಎಂಬಲ್ಲಿ. ಆದಾಯ ತೆರಿಗೆ ಕಾಯ್ದೆಯ ಒಂದು ಕಲಮಿನ (1961ರ ಕಾಯ್ದೆಯಲ್ಲಿ ಇದು 269ಎಸ್‌ಟಿ) ಪ್ರಕಾರ ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಹೆತ್ತವರೆಂಬ ವಿನಾಯಿತಿ ಇಲ್ಲಿಲ್ಲ, ಪಡೆದಷ್ಟೇ ಮೊತ್ತದ ದಂಡವೂ ಬೀಳಬಹುದು, ಅದೂ ಕೊಟ್ಟವರಿಗಲ್ಲ, ಪಡೆದವರಿಗೆ. ದಿನಕ್ಕೆ 1,90,000ದಂತೆ ಕಂತು ಮಾಡಿಕೊಂಡರಾಯಿತು ಎಂದು ಬಹಳ ಜನ ಹೇಳಿಕೊಡುತ್ತಾರೆ. ಒಂದೇ ಸಂದರ್ಭಕ್ಕೆ ಸಂಬಂಧಿಸಿದ ಕಂತುಗಳನ್ನು ಅದೇ ಕಲಮು ಒಟ್ಟಾಗಿ ಎಣಿಸುವುದರಿಂದ ಆ ಜಾಣತನವನ್ನು ನಾನಂತೂ ಒಪ್ಪುವುದಿಲ್ಲ.

ಆದ್ದರಿಂದ ತಂದೆಯವರು ಹಣವನ್ನು ಮೊದಲು ತಮ್ಮದೇ ಬ್ಯಾಂಕ್ ಖಾತೆಗೆ ಕಟ್ಟಿ, ಅಲ್ಲಿಂದ ಚೆಕ್ ಅಥವಾ ಆರ್‌ಟಿಜಿಎಸ್ ಮೂಲಕ ನಿಮಗೆ ಕಳುಹಿಸಲಿ. ಅಡಿಕೆ ಮಂಡಿಯವರು ತೂಕ, ದರ ಬರೆದುಕೊಟ್ಟ ಪಟ್ಟಿಯನ್ನು ಜೋಪಾನವಾಗಿಡಿ, ಏಕೆಂದರೆ ಮುಂದೆ ಯಾರಾದರೂ ಹಣದ ಮೂಲ ಕೇಳಿದರೆ ಉತ್ತರ ಹೇಳುವುದು ಆ ಮಾಸಲು ಚೀಟಿಯೇ. ‘ಮಗನಿಗೆ ಪ್ರೀತಿಯಿಂದ ಕೊಟ್ಟಿದ್ದೇನೆ, ಸಾಲವಲ್ಲ’ ಎಂದು ದಿನಾಂಕದೊಂದಿಗೆ ತಂದೆಯವರು ಸಹಿ ಮಾಡಿದ ಒಂದು ಪತ್ರವೂ ಇರಲಿ.

ಇನ್ನೊಂದು ಮಾತು: ಹಣವನ್ನು ನಿಮ್ಮ ಪತ್ನಿಯ ಹೆಸರಿಗೆ ಕೊಡಿಸಬೇಡಿ. ಸೊಸೆಗೆ ಕೊಟ್ಟ ಹಣದಿಂದ ಬರುವ ಬಡ್ಡಿ, ಬಾಡಿಗೆಗಳು ಮಾವನ ಆದಾಯಕ್ಕೇ ಸೇರುತ್ತವೆ. ವಯಸ್ಕ ಮಗನ ವಿಷಯದಲ್ಲಿ ಹಾಗಿಲ್ಲ.