ರಜೆಯ ದಿನ ರೆಸಾರ್ಟಿಗೆ ಬರಲೇಬೇಕೇ?

ಪ್ರಶ್ನೆ: ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಂಪನಿಯೊಂದರ ಗುಣಮಟ್ಟ ತಪಾಸಣೆ ವಿಭಾಗದಲ್ಲಿದ್ದೇನೆ. ತಿಂಗಳ ಸಂಬಳ ಹತ್ತೊಂಬತ್ತು ಸಾವಿರ. ಸೋಮವಾರದಿಂದ ಶನಿವಾರದವರೆಗೆ ಶಿಫ್ಟ್. ಮುಂದಿನ ಭಾನುವಾರ ನಮ್ಮ ವಿಭಾಗದವರನ್ನೆಲ್ಲ ನಂದಿಬೆಟ್ಟದ ಕಡೆಯ ರೆಸಾರ್ಟ್ ಒಂದಕ್ಕೆ ಕರೆದೊಯ್ಯುತ್ತಾರಂತೆ. ಬೆಳಿಗ್ಗೆ ಏಳಕ್ಕೆ ಬಸ್ ಹೊರಟರೆ ವಾಪಸ್ ಬರುವುದು ರಾತ್ರಿ ಹತ್ತಕ್ಕೆ. ವಾಟ್ಸಾಪ್ ಗುಂಪಿನಲ್ಲಿ ‘ಎಲ್ಲರೂ ಕಡ್ಡಾಯವಾಗಿ ಬರಬೇಕು, ಬರದವರಿಗೆ ಒಂದು ದಿನದ ಸಂಬಳ ಕಡಿತ’ ಎಂದು ಹಾಕಿದ್ದಾರೆ. ಮನೆಯಲ್ಲಿ ಎರಡು ಸೀಮೆಹಸು, ನಾಲ್ಕು ವರ್ಷದ ಮಗ. ವಾರವೆಲ್ಲ ಎರಡನ್ನೂ ನೋಡಿಕೊಳ್ಳುವುದು ನಮ್ಮ ಅತ್ತೆ. ಭಾನುವಾರವಾದರೂ ಅವರಿಗೆ ಬಿಡುವು ಕೊಡಬೇಕೆಂಬುದು ನನ್ನ ಆಸೆ. ಹಿಂದಿನ ಸಲ ಬಸ್ಸಿನ ಹಿಂದಿನ ಸೀಟುಗಳಲ್ಲಿ ಕೆಲವರು ಕುಡಿದು ಗಲಾಟೆಯನ್ನೂ ಮಾಡಿದ್ದರು. ಹೋಗದಿದ್ದರೆ ಕೆಲಸಕ್ಕೆ ತೊಂದರೆಯಾಗುತ್ತದೆಯೇ?
– ಹೆಸರು ಬೇಡ, ವೇಮಗಲ್

ಉತ್ತರ: ಹೋಗಬೇಡಿ ತಾಯಿ. ಕಾರಣ ಹೇಳುತ್ತೇನೆ. ಹೋಗದೆ ಉಳಿಯುವುದು ಹೇಗೆ ಎಂಬುದನ್ನೂ ಹೇಳುತ್ತೇನೆ, ಏಕೆಂದರೆ ಕಷ್ಟವಿರುವುದು ಅಲ್ಲೇ.

ಹಾಜರಿ ಹಾಕಿ, ಬಾರದವರ ಸಂಬಳ ಹಿಡಿಯುವ ಕಾರ್ಯಕ್ರಮ ಯಾವುದೇ ಆಗಿರಲಿ, ಅದು ಕಂಪನಿಯ ಕೆಲಸ. ಅಲ್ಲಿ ಅಂತ್ಯಾಕ್ಷರಿ ಹಾಡಿಸಲಿ, ಹಗ್ಗಜಗ್ಗಾಟ ಆಡಿಸಲಿ, ನಿಮ್ಮ ಹದಿನೈದು ಗಂಟೆ ಕಳೆಯುವುದು ಅವರ ಅಪ್ಪಣೆಯಲ್ಲಿ. ಕಡ್ಡಾಯ ಮಾಡುವಾಗ ಅದನ್ನು ಕೆಲಸವೆನ್ನುವುದು, ಓಟಿ ಕೇಳಿದರೆ ‘ಎಲ್ಲ ನಿಮ್ಮ ಖುಷಿಗಾಗಿ’ ಎನ್ನುವುದು, ಎರಡೂ ಒಟ್ಟಿಗೆ ಸಲ್ಲುವುದಿಲ್ಲ. ಖುಷಿಗಾಗಿ ಎಂದಾದರೆ ಬಾರದವರನ್ನು ಏಕೆ ಬರಲಿಲ್ಲವೆಂದು ಕೇಳಲೂ ಬಾರದು. ಕೆಲಸವೆಂದಾದರೆ ಅದಕ್ಕೆ ಕೂಲಿ ಕೊಡಬೇಕು, ಬದಲಿ ರಜೆ ಕೊಡಬೇಕು.

ಕಾನೂನಿನಲ್ಲಿ ಪಿಕ್‌ನಿಕ್ಕಿಗೆಂದೇ ಪ್ರತ್ಯೇಕ ಕಲಮು ಇಲ್ಲ. ಆದರೆ ಇರುವ ಕಲಮುಗಳೇ ಸಾಕು. 1948ರ ಕಾರ್ಖಾನೆ ಕಾಯ್ದೆ ವಾರದ ರಜೆಯನ್ನೂ ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ದರವನ್ನೂ ಖಚಿತಪಡಿಸಿತ್ತು. ಅದರ ಜಾಗದಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯೂ ಇವೆರಡನ್ನು ಉಳಿಸಿಕೊಂಡಿದೆ. ವಾರದಲ್ಲಿ ಆರು ದಿನಕ್ಕಿಂತ ಹೆಚ್ಚು ದುಡಿಸುವಂತಿಲ್ಲ. ಓಟಿ ಮಾಡಿಸಲು ಕಾರ್ಮಿಕರ ಒಪ್ಪಿಗೆ ಬೇಕು. ಮೇಲ್ವಿಚಾರಕರಾಗಿದ್ದು 18,000 ರೂಪಾಯಿಗಿಂತ ಹೆಚ್ಚು ಸಂಬಳ ಪಡೆಯುವವರು, ಆಡಳಿತದ ಹುದ್ದೆಯಲ್ಲಿರುವವರು ‘ಕಾರ್ಮಿಕ’ ಎಂಬ ವ್ಯಾಖ್ಯೆಯಿಂದ ಹೊರಗುಳಿಯುತ್ತಾರೆ. ನಿಮ್ಮ ಸಂಬಳ ಆ ಮಿತಿಯನ್ನು ದಾಟಿದ್ದರೂ ನಿಮ್ಮ ಕೆಲಸ ಬಿಡಿಭಾಗಗಳ ತಪಾಸಣೆ, ಜನರ ಮೇಲ್ವಿಚಾರಣೆಯಲ್ಲ. ‘ನೀವು ಸ್ಟಾಫ್, ನಿಮಗೆ ಇದು ಅನ್ವಯಿಸುವುದಿಲ್ಲ’ ಎಂದು ಯಾರಾದರೂ ಹೇಳಿದರೆ ಅಷ್ಟಕ್ಕೇ ಸುಮ್ಮನಾಗಬೇಡಿ.

ಸಂಬಳ ಕಡಿತದ ಬೆದರಿಕೆಯಂತೂ ನಿಲ್ಲುವಂಥದ್ದೇ ಅಲ್ಲ. ಗೈರುಹಾಜರಿಗೆ ಸಂಬಳ ಹಿಡಿಯಬೇಕಾದರೆ, ಉದ್ಯೋಗದ ಷರತ್ತಿನ ಪ್ರಕಾರ ನೀವು ಇರಬೇಕಾದ ಜಾಗದಲ್ಲಿ ಇರಬೇಕಾದ ಹೊತ್ತಿಗೆ ಇಲ್ಲದಿರಬೇಕು. ಹಳೆಯ ವೇತನ ಪಾವತಿ ಕಾಯ್ದೆಯಲ್ಲೂ ಹಾಗೇ ಇತ್ತು, ಈಗಿನ ವೇತನ ಸಂಹಿತೆಯಲ್ಲೂ ಹಾಗೇ ಇದೆ. ನಿಮ್ಮ ನೇಮಕಾತಿ ಪತ್ರವನ್ನು ತೆಗೆದು ನೋಡಿ. ವಾರದ ರಜೆಯ ದಿನ ರೆಸಾರ್ಟಿನಲ್ಲಿ ಇರಬೇಕೆಂದು ಅದರಲ್ಲಿ ಬರೆದಿರಲಾರದು.

ಈ ವಾರದ ರಜೆ ಯಾರೋ ದಾನವಾಗಿ ಕೊಟ್ಟದ್ದಲ್ಲ ಎಂಬುದನ್ನು ನಮ್ಮ ಹುಡುಗ ಹುಡುಗಿಯರು ತಿಳಿದಿರಬೇಕು. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಸಭೆ ನಡೆಸಿ, ಮನವಿ ಸಲ್ಲಿಸಿ, ಕಾರ್ಮಿಕರನ್ನು ಕೂಡಿಸಿದ ಮೇಲೆ 1890ರ ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಅಷ್ಟು ಕಷ್ಟಪಟ್ಟು ಪಡೆದ ದಿನವನ್ನು ವಾಟ್ಸಾಪಿನ ಒಂದು ಸಾಲಿಗೆ ಬಿಟ್ಟುಕೊಡುವುದು ನನಗೆ ಸಹಿಸದು.

ನಾನು ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿ ದುಡಿದವಳು. ಇಂಥ ಔಟಿಂಗ್‌ಗಳಿಗೆ ಹೆಸರಿನ ಪಟ್ಟಿ ಹಿಡಿದು ಬಸ್ಸಿನ ಬಾಗಿಲಲ್ಲಿ ನಿಂತಿದ್ದೇನೆ. ಈಜುಕೊಳದ ಪಕ್ಕದ ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಅಸೆಂಬ್ಲಿ ವಿಭಾಗದ ಹೆಣ್ಣುಮಗಳ ಮುಖ ಈಗಲೂ ಕಣ್ಣ ಮುಂದಿದೆ. ಕಂಪನಿ ಕೊಟ್ಟ ಟೀ ಶರ್ಟನ್ನು ಸೀರೆಯ ಮೇಲೆಯೇ ಹಾಕಿಕೊಂಡಿದ್ದಳು. ತಟ್ಟೆಯಲ್ಲಿದ್ದ ಜಾಮೂನನ್ನು ಕಾಗದದ ಲೋಟಕ್ಕೆ ಹಾಕಿ, ಮೇಲೆ ಇನ್ನೊಂದು ಲೋಟ ಮುಚ್ಚಿ, ಮಗುವಿಗೆಂದು ಚೀಲದೊಳಗೆ ನಿಲ್ಲಿಸುತ್ತಿದ್ದಳು. ಶ್ರೀನಿವಾಸಪುರದ ಕೊನೆಯ ಬಸ್ಸು ಸಿಗುತ್ತದೆಯೇ ಎಂದು ಸಿಕ್ಕವರನ್ನೆಲ್ಲ ಕೇಳುತ್ತಿದ್ದಳು. ವೇದಿಕೆಯ ಮೇಲೆ ಆಗ ‘ನಾವೆಲ್ಲ ಒಂದೇ ಕುಟುಂಬ’ ಎಂಬ ಭಾಷಣ ನಡೆಯುತ್ತಿತ್ತು. ಅವಳ ಕುಟುಂಬ ಅವಳಿಗಾಗಿ ಕಾಯುತ್ತಿದ್ದುದು ಊರಿನಲ್ಲಿ.

ಬಸ್ಸಿನಲ್ಲಿ ನಡೆದ ಗಲಾಟೆಯ ವಿಷಯವನ್ನು ಹಗುರವಾಗಿ ಬಿಡಬೇಡಿ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಕೆಲಸದ ನಿಮಿತ್ತ ಹೋಗುವ ಯಾವುದೇ ಜಾಗವೂ, ಮಾಲೀಕರು ಒದಗಿಸಿದ ವಾಹನವೂ ಕೆಲಸದ ಸ್ಥಳವೇ. ಹಿಂದಿನ ಸೀಟಿನವರು ಕುಡಿದು ಕೂಗಾಡಿದ್ದಷ್ಟೇ ಅಲ್ಲದೆ ಹೆಣ್ಣುಮಕ್ಕಳ ಬಗ್ಗೆ ಅಸಭ್ಯವಾಗಿ ಮಾತನಾಡಿದ್ದರೆ ಅಥವಾ ನಡೆದುಕೊಂಡಿದ್ದರೆ, ಮೂರು ತಿಂಗಳ ಒಳಗೆ ಆಂತರಿಕ ಸಮಿತಿಗೆ ಲಿಖಿತ ದೂರು ಕೊಡಬಹುದು. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಆ ಸಮಿತಿ ಇರಲೇಬೇಕು.

ಈಗ ಹೋಗದಿರುವ ಬಗೆ. ಜಗಳ ಬೇಡ, ಮೌನವೂ ಬೇಡ. ಎಚ್‌ಆರ್ ಅವರಿಗೆ ಈ ವಾರವೇ ಹೀಗೊಂದು ಸಂದೇಶ ಕಳುಹಿಸಿ: ‘ಭಾನುವಾರದ ಕಾರ್ಯಕ್ರಮ ಕಡ್ಡಾಯವೆಂದು ತಿಳಿಯಿತು. ಅದನ್ನು ಕೆಲಸದ ದಿನವೆಂದು ಪರಿಗಣಿಸುತ್ತೀರಾ? ಹಾಗಿದ್ದರೆ ಬದಲಿ ರಜೆ ಯಾವ ದಿನ ಎಂದು ದಯವಿಟ್ಟು ತಿಳಿಸಿ. ಐಚ್ಛಿಕವಾಗಿದ್ದರೆ, ಮನೆಯ ಜವಾಬ್ದಾರಿಯ ಕಾರಣ ನಾನು ಬರಲಾಗುವುದಿಲ್ಲ.’ ಇಷ್ಟೇ ಸಾಕು. ಅತ್ತೆಗೆ ಹುಷಾರಿಲ್ಲ, ಮಗನಿಗೆ ಜ್ವರ ಎಂದು ಸುಳ್ಳು ಕಟ್ಟಬೇಡಿ. ರಜೆಯ ದಿನ ಮನೆಯಲ್ಲಿರಲು ಯಾರಿಗೂ ಕಾಯಿಲೆ ಬರಬೇಕಾಗಿಲ್ಲ. ಈ ಪ್ರಶ್ನೆಗೆ ‘ಹೌದು, ಕೆಲಸದ ದಿನ’ ಎಂದು ಬರವಣಿಗೆಯಲ್ಲಿ ಉತ್ತರಿಸಲು ಎಚ್‌ಆರ್‌ನವರು ಹಿಂಜರಿಯುತ್ತಾರೆ, ಏಕೆಂದರೆ ಮರುಕ್ಷಣ ಇಡೀ ವಿಭಾಗಕ್ಕೆ ಲೆಕ್ಕ ಕೊಡಬೇಕಾಗುತ್ತದೆ. ವಾಟ್ಸಾಪ್ ಸಂದೇಶದ ಚಿತ್ರ ತೆಗೆದಿಟ್ಟುಕೊಳ್ಳಿ. ನಿಮ್ಮ ಸಂಬಳ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ 21,000 ರೂಪಾಯಿ ಮಿತಿಯೊಳಗಿದೆ. ಹೋದವರಲ್ಲಿ ಯಾರಿಗಾದರೂ ಅಲ್ಲಿ ಪೆಟ್ಟಾಗಿ, ಅದು ಕೆಲಸದ ವೇಳೆಯ ಗಾಯ ಹೌದೋ ಅಲ್ಲವೋ ಎಂಬ ತಕರಾರು ಬಂದರೆ, ಕಡ್ಡಾಯವೆಂದು ಬರೆದ ಆ ಸಾಲೇ ಅವರ ಕೈಯಲ್ಲಿರುವ ಸಾಕ್ಷಿ.

ತೊಂದರೆಯಾಗುವುದೇ ಇಲ್ಲ ಎಂದು ನಾನು ಹೇಳಲಾರೆ. ವರ್ಷದ ಅಪ್ರೈಸಲ್‌ನಲ್ಲಿ ‘ತಂಡದೊಂದಿಗೆ ಬೆರೆಯುವುದಿಲ್ಲ’ ಎಂದು ಗೀಚುವ ಮ್ಯಾನೇಜರುಗಳಿದ್ದಾರೆ. ಕಂಪನಿಯ ಮೋಜಿನ ಕೂಟಗಳಿಗೆ, ಅಲ್ಲಿನ ಕುಡಿತಕ್ಕೆ ಒಗ್ಗಲಿಲ್ಲವೆಂದು ಪ್ಯಾರಿಸ್ಸಿನ ಸಂಸ್ಥೆಯೊಂದು ಒಬ್ಬ ನೌಕರನನ್ನು ತೆಗೆದುಹಾಕಿತ್ತು. ಅದು ತಪ್ಪೆಂದು ಫ್ರಾನ್ಸಿನ ಉನ್ನತ ನ್ಯಾಯಾಲಯ 2022ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಆ ತೀರ್ಪು ನಮ್ಮನ್ನು ಕಾಯದು. ಇಲ್ಲಿ ನಮ್ಮನ್ನು ಕಾಯುವುದು ಒಗ್ಗಟ್ಟು. ನೀವು ಕಂಪನಿಯ ಕಾಯಂ ಪಟ್ಟಿಯಲ್ಲಿದ್ದರೆ ಒಬ್ಬರೇ ಬರೆಯಬಹುದು. ಗುತ್ತಿಗೆದಾರರ ಮೂಲಕ ಬಂದವರಾಗಿದ್ದರೆ ಒಬ್ಬರೇ ಮುಂದೆ ನಿಲ್ಲಬೇಡಿ. ಅಂಥವರನ್ನು ಕಾರಣ ಹೇಳದೆ ನಾಳೆಯಿಂದ ಬರಬೇಡ ಎನ್ನುವುದು ಸುಲಭ. ಐದಾರು ಮಂದಿ ಸೇರಿ ಒಂದೇ ಪತ್ರ ಕೊಡಿ. ಸಂಬಳ ನಿಜವಾಗಿಯೂ ಹಿಡಿದರೆ ಸಂಬಳದ ಚೀಟಿಯೊಂದಿಗೆ ಕೋಲಾರದ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ. ಕಾರ್ಖಾನೆಯಲ್ಲಿ ಕೆಲಸದ ವೇಳೆ ಮತ್ತು ವಾರದ ರಜೆಯ ದೂರುಗಳನ್ನು ನೋಡುವುದು ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳುಹಿಸಿದರೆ ಬೇಸರಪಡದೆ ಎರಡೂ ಕಡೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಪ್ರಶ್ನೆ: ತುಮಕೂರಿನ ವಸಂತನರಸಾಪುರದಲ್ಲಿ ಸಣ್ಣ ಘಟಕ ನಡೆಸುತ್ತಿದ್ದೇನೆ. ಕೆಲಸಗಾರರೆಲ್ಲ ಒಂದು ದಿನ ಜೊತೆಯಾಗಿ ಊಟ ಮಾಡಲಿ ಎಂದು ಭಾನುವಾರ ಕರೆದರೆ ಅರ್ಧ ಜನವೂ ಬರುವುದಿಲ್ಲ. ಕಡ್ಡಾಯ ಮಾಡದೆ ಬೇರೆ ದಾರಿ ಇದೆಯೇ?
– ಒಬ್ಬ ಮಾಲೀಕ, ತುಮಕೂರು

ಉತ್ತರ: ನಿಮ್ಮ ಆಸೆ ಒಳ್ಳೆಯದು, ಆರಿಸಿದ ದಿನ ತಪ್ಪು. ಆಯುಧಪೂಜೆಯನ್ನು ನೆನೆಸಿಕೊಳ್ಳಿ. ಯಂತ್ರಗಳನ್ನು ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಕಡ್ಲೆಪುರಿಯ ಪೊಟ್ಟಣ, ಸಿಹಿಯ ಡಬ್ಬ ಹಂಚುವಾಗ ಯಾರಾದರೂ ತಪ್ಪಿಸಿಕೊಳ್ಳುತ್ತಾರೆಯೇ? ರಾತ್ರಿ ಪಾಳಿಯವರೂ ಸ್ನಾನ ಮಾಡಿ ಬರುತ್ತಾರೆ. ಆ ಪೂಜೆ ನಡೆಯುವುದು ಕೆಲಸದ ವೇಳೆಯಲ್ಲಿ, ಅವರು ದಿನವೂ ಮುಟ್ಟುವ ಯಂತ್ರದ ಮುಂದೆ, ಅವರದೇ ಕೈಯಿಂದ. ಶನಿವಾರ ಮಧ್ಯಾಹ್ನ ಎರಡು ಗಂಟೆ ಯಂತ್ರ ನಿಲ್ಲಿಸಿ, ಊಟ ಹಾಕಿಸಿ. ಅಡುಗೆ ಏನಿರಬೇಕೆಂದು ಅವರನ್ನೇ ಕೇಳಿ. ಎರಡು ಗಂಟೆಯ ಉತ್ಪಾದನೆ ಹೋಗುತ್ತದೆ, ನಿಜ. ಆ ಖರ್ಚು ನಿಮ್ಮದಾಗಿರಲಿ. ಭಾನುವಾರ ಕರೆದಾಗ ಆ ಖರ್ಚನ್ನು ಅವರು ಹೊರುತ್ತಿದ್ದರು.

ಪ್ರಶ್ನೆ: ಚಿಂತಾಮಣಿಯ ಖಾಸಗಿ ಶಾಲೆಯೊಂದರ ಶಿಕ್ಷಕಿ. ಪ್ರತಿ ಭಾನುವಾರ ಸಂಜೆ ಮೊಬೈಲಿನಲ್ಲಿ ಸಿಬ್ಬಂದಿ ಸಭೆ, ಬೇಸಿಗೆ ರಜೆಯಲ್ಲಿ ದಾಖಲಾತಿಗಾಗಿ ಹಳ್ಳಿ ಸುತ್ತುವುದು. ಕಾರ್ಮಿಕ ಕಾನೂನು ನಮಗೂ ಅನ್ವಯಿಸುತ್ತದೆಯೇ?
– ಒಬ್ಬ ಶಿಕ್ಷಕಿ

ಉತ್ತರ: ಪೂರ್ತಿ ಅನ್ವಯಿಸುವುದಿಲ್ಲ. ಆಗಿನ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಶಿಕ್ಷಕರು ಕಾರ್ಮಿಕರಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಅದು ನಿಮ್ಮಂಥವರಿಗೆ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಆದರೆ ನೀವು ಪೂರ್ತಿ ಅಸಹಾಯಕರೂ ಅಲ್ಲ. ಸಭೆಗೆ ಬರಲಿಲ್ಲವೆಂದು ಕೆಲಸದಿಂದ ತೆಗೆದರೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ ಅಡಿಯಲ್ಲಿ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಆದೇಶ ಕೈಸೇರಿದ ಮೂರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ಅಲ್ಲಿಯವರೆಗೂ ಹೋಗುವ ಮೊದಲು, ಶಿಕ್ಷಕರೆಲ್ಲ ಸೇರಿ ಸಭೆಯನ್ನು ಶನಿವಾರ ಮಕ್ಕಳು ಮನೆಗೆ ಹೋದ ಮೇಲೆ ಇಟ್ಟುಕೊಳ್ಳುವಂತೆ ಆಡಳಿತ ಮಂಡಳಿಯನ್ನು ಲಿಖಿತವಾಗಿ ಕೇಳಿ. ದಾಖಲಾತಿಗೆ ಸುತ್ತುವ ದಿನಗಳಿಗೆ ಪ್ರಯಾಣದ ಖರ್ಚು ಮತ್ತು ಗಳಿಕೆ ರಜೆ ಕೊಡಬೇಕೆಂಬುದನ್ನೂ ಅದೇ ಪತ್ರದಲ್ಲಿ ಸೇರಿಸಿ.