ಡಿಸೆಂಬರ್ ಕೊನೇಲಿ ಡೆಸರ್ಟ್ ನ್ಯಾಷನಲ್ ಪಾರ್ಕ್‌ಗೆ ಸ್ವೆಟರ್ ಬೇಕಾ?

ಸರ್, ಮರಳುಗಾಡು ತಾನೆ, ಮಕ್ಕಳಿಗೆ ಸ್ವೆಟರ್ ಯಾಕೆ ಅಂತ ಕೇಳಿದೀರ, ಖಂಡಿತ ತಗೊಂಡೋಗಿ. ಪಾರ್ಕ್ ಇರೋ ರಾಜಸ್ಥಾನದ ಜೈಸಲ್ಮೇರ್ ಕಡೆ ಮೋಡಾನೂ ಇಲ್ಲ ಗಾಳೀಲಿ ತೇವಾನೂ ಇಲ್ಲ, ಹಾಗಾಗಿ ಹಗಲು ಕಾದಿದ್ ನೆಲ ಸೂರ್ಯ ಮುಳುಗಿದ್ ತಕ್ಷಣ ತಣ್ಣಗಾಗ್ಬಿಡುತ್ತೆ, ಮಧ್ಯಾಹ್ನ ಇಪ್ಪತ್ತರ ಮೇಲಿದ್ರೂ ಬೆಳಗಿನ ಜಾವ ಹತ್ತು ಡಿಗ್ರಿಗಿಂತ ಕೆಳಗೆ ಹೋಗುತ್ತೆ. ತೆರೆದ ಜೀಪಲ್ಲಿ ಗಾಳಿ ಬೇರೆ. ನಮ್ಮ ಮುಳ್ಳಯ್ಯನಗಿರಿಗೆ ಬೆಳಿಗ್ಗೆ ಹೋಗೋವಾಗ ಹಾಕ್ಕೊಳೋ ಜಾಕೆಟ್, ಟೋಪಿ ಸಾಕು, ಒಳಗೆ ಕಾಟನ್ ಇರ್ಲಿ, ಹತ್ತು ಗಂಟೆಗೆ ಎಲ್ಲ ಬಿಚ್ಚಬೇಕಾಗುತ್ತೆ. ನಮ್ಮ ಮಲೆನಾಡಿನ ಚಳಿ ಥರ ಅಲ್ಲ ಅದು, ಒಣ ಚಳಿ, ತುಟಿ ಒಡೆಯುತ್ತೆ, ಕೊಬ್ಬರಿ ಎಣ್ಣೆ ಇಟ್ಕೊಳಿ.

ಇನ್ನೊಂದ್ ವಿಷ್ಯ, ಪಾರ್ಕ್ ಪೂರ್ತಿ ಮರಳುದಿಬ್ಬ ಅಂತ ಮಕ್ಕಳಿಗೆ ಹೇಳ್ಬೇಡಿ. 3162 ಚದರ ಕಿ.ಮೀ.ಲಿ ದಿಬ್ಬ ಇರೋದು ಐದನೇ ಒಂದು ಭಾಗ ಅಷ್ಟೆ, ಉಳಿದಿದ್ದು ಕಲ್ಲುನೆಲ, ಹುಲ್ಲು, ಕುರುಚಲು. ಒಂಟೆ ಸವಾರಿಗೆ ಸಮ್ ದಿಬ್ಬಗಳು ಇವೆ, ಆದ್ರೆ ಅಲ್ಲಿ ಸಂಜೆ ಜಾತ್ರೆ ಥರ ಜನ, ನಂಗಂತೂ ಪಾರ್ಕ್ ಒಳಗಿನ ಸುದಾಸರಿ ಕಡೆ ಹುಲ್ಲುಗಾವಲೇ ಇಷ್ಟ. ಎರೆಭೂತ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಅಲ್ಲಿದೆ, ದೇಶದಲ್ಲೇ ನೂರೈವತ್ತರ ಆಸುಪಾಸು ಉಳಿದಿವೆ, ನಮ್ಮ ಬಳ್ಳಾರಿ ಸಿರುಗುಪ್ಪದಲ್ಲಿ ಬೆರಳೆಣಿಕೆ. ಕಂಡೇ ಕಾಣುತ್ತೆ ಅಂತೇನಿಲ್ಲ, ಕಂಡ್ರೂ ದೂರ, ಬೈನಾಕ್ಯುಲರ್ ಮರೀಬೇಡಿ, ಗಾಡಿ ಇಳೀಬೇಡಿ.

ರೈಲಲ್ಲಿ ಹೋಗೋದಾದ್ರೆ ಹಾಸನದಿಂದ ಅರಸೀಕೆರೆಗೆ ಹೋಗಿ ಬೆಂಗಳೂರು-ಜೋಧಪುರ ಗಾಡಿ ಹತ್ತಿ. ಜೋಧಪುರದಿಂದ ಜೈಸಲ್ಮೇರ್‌ಗೆ ಹೋಗೋವಾಗ ಫಲೋದಿ ಹತ್ರ ಖೀಚನ್ ಹಳ್ಳೀಲಿ ನಿಲ್ಲಿ, ಚಳಿಗಾಲಕ್ಕೆ ಬರೋ ಸಾವಿರಾರು ಕ್ರೇನ್ ಹಕ್ಕಿಗಳಿಗೆ (ನೋಡೋಕೆ ಕೊಕ್ಕರೆ ಥರ) ಊರವರೇ ಕಾಳು ಹಾಕ್ತಾರೆ, ಮಕ್ಕಳಿಗೆ ಪಾರ್ಕಿಗಿಂತ ಅದೇ ಹಿಡಿಸ್ಬೋದು.